ರಜೆಯಲ್ಲಿ ರಂಗಾಯಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲೆಗಳಿಗೆ ರಜೆ ಬಂದಾಗ ಮಕ್ಕಳು, ಹಿರಿಯರು ಒಟ್ಟಿಗೆ ಕುಳಿತು ನೋಡಬಹುದಾದ ನಾಟಕ ಮತ್ತು ಜನಪದ ಗಾಯನದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರಿನ ರಂಗಾಯಣವನ್ನು ಕುರಿತೇ ಇದ್ದುದರಿಂದ, ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳನ್ನು ಕರೆದುಕೊಂಡು ರಜೆಯಲ್ಲಿ ಮೈಸೂರಿಗೆ ಬರಬೇಕೆಂದಿದ್ದೇವೆ. ರಂಗಾಯಣದಲ್ಲಿ ಯಾವಾಗ ಏನಿರುತ್ತದೆ? ಯಾವುದಕ್ಕೆ ಬಂದರೆ ಒಳ್ಳೆಯದು?
– ಗೃಹಿಣಿ, ಹಾಸನ

ಉತ್ತರ: 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ಈ ರೆಪರ್ಟರಿಯಲ್ಲಿ, ಅಂದರೆ ತನ್ನದೇ ಕಲಾವಿದರ ತಂಡವಿರುವ ನಾಟಕಸಂಸ್ಥೆಯಲ್ಲಿ, ವರ್ಷದ ಬಹುಪಾಲು ವಾರಾಂತ್ಯಗಳಲ್ಲಿ ಭೂಮಿಗೀತ ರಂಗಮಂದಿರದೊಳಗೆ ನಾಟಕ ನಡೆಯುತ್ತದೆ. ಅದರ ಮೇಲೆ ರಜೆಯ ಕಾಲಗಳು ಮೂರು. ದಸರಾ ದಿನಗಳಲ್ಲಿ ನವರಾತ್ರಿ ರಂಗೋತ್ಸವ, ಡಿಸೆಂಬರಿನಿಂದ ಮಾರ್ಚಿನೊಳಗೆ ಅನುಕೂಲವಾದ ಯಾವುದಾದರೊಂದು ವಾರದಲ್ಲಿ ಬಹುರೂಪಿ ನಾಟಕೋತ್ಸವ, ಬೇಸಿಗೆಯಲ್ಲಿ ಮಕ್ಕಳಿಗಾಗಿ ಚಿಣ್ಣರ ಮೇಳ. ಬಹುರೂಪಿಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆಯಾದ್ದರಿಂದ ರೈಲಿನ ಟಿಕೆಟ್ ಕಾಯ್ದಿರಿಸುವ ಮುನ್ನ ಆ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳುವುದು ಕ್ಷೇಮ.

ನಿಮ್ಮ ಮಕ್ಕಳ ವಯಸ್ಸಿಗೆ ಬಹುರೂಪಿಯೇ ಸೂಕ್ತವೆಂದು ನಮ್ಮ ಅಭಿಪ್ರಾಯ. ಕಲಾಮಂದಿರ, ಭೂಮಿಗೀತ, ಬಯಲಿನ ವನರಂಗ, ಕಿಂದರಿಜೋಗಿ ವೇದಿಕೆ ಇವೆಲ್ಲ ಒಂದೇ ಆವರಣದಲ್ಲಿ, ನಡೆದು ಹೋಗುವಷ್ಟು ಹತ್ತಿರದಲ್ಲಿ ಇರುವುದರಿಂದ, ಒಂದು ಕಡೆ ಮಗುವಿಗೆ ಬೇಸರವಾದರೆ ಎದ್ದು ಇನ್ನೊಂದು ಕಡೆ ಹೋಗಬಹುದು. ಸಂಜೆ ಬೆಳಕಿರುವಾಗಲೇ ಕಿಂದರಿಜೋಗಿಯಲ್ಲಿ ಜನಪದ ಕಲಾತಂಡಗಳ ಪ್ರದರ್ಶನ ಶುರುವಾಗುತ್ತದೆ. ನಾಟಕಗಳು ಕತ್ತಲಾದ ಮೇಲೆ. ಹೆಚ್ಚಿನ ಕುಟುಂಬಗಳು ನಾಟಕದ ಹೊತ್ತಿಗೆ ಸರಿಯಾಗಿ ಬಂದು, ಜನಪದ ಕಾರ್ಯಕ್ರಮದ ಕೊನೆಯ ಐದು ನಿಮಿಷವನ್ನು ನಿಂತುಕೊಂಡೇ ನೋಡಿ ಒಳಗೆ ಹೋಗುತ್ತವೆ. ಹಾಗೆ ಮಾಡಬೇಡಿ. ಒಂದು ಸಂಜೆಗೆ ಒಂದು ಜನಪದ ಪ್ರದರ್ಶನ, ಒಂದು ನಾಟಕ ಸಾಕು; ಎರಡು ನಾಟಕಗಳನ್ನು ಒತ್ತಾಯವಾಗಿ ತೋರಿಸಿದರೆ ಆರು ವರ್ಷದ ಮಗು ಎರಡನೆಯದನ್ನು ನಿಮ್ಮ ತೊಡೆಯ ಮೇಲೆ ನಿದ್ದೆಯಲ್ಲೇ ಕಳೆಯುತ್ತದೆ.

ಪ್ರಶ್ನೆ: ನಮ್ಮ ತಾತನವರು, "ಬೆಟ್ಟದಲ್ಲಿ ಕೇಳಬೇಕಾದ ಕಂಸಾಳೆಯನ್ನು ಊರಿನ ವೇದಿಕೆಯ ಮೇಲೆ ಅರ್ಧ ಗಂಟೆ ಕುಣಿಸಿದರೆ ಅದು ಕಂಸಾಳೆಯೇ ಅಲ್ಲ" ಎನ್ನುತ್ತಾರೆ. ಇದು ಸರಿಯೆ? ಹಾಗಿದ್ದರೆ ಮಕ್ಕಳಿಗೆ ತೋರಿಸಿ ಏನು ಪ್ರಯೋಜನ?
– ಶಿಕ್ಷಕ, ಮಳವಳ್ಳಿ

ಉತ್ತರ: ನಿಮ್ಮ ತಾತನವರ ಮಾತಿನಲ್ಲಿ ಸತ್ಯವಿದೆ. ಕಂಸಾಳೆ ಮೂಲತಃ ಕುಣಿತವಲ್ಲ, ಕಂಚಿನ ತಾಳ ಬಡಿಯುತ್ತಾ ಹೇಳುವ ಹಾಡಿನ ಕಥೆ. ಮಲೆ ಮಹದೇಶ್ವರನ ಒಕ್ಕಲಾಗಿ ದೀಕ್ಷೆ ಪಡೆದ ದೇವರ ಗುಡ್ಡರು ಮಾದಪ್ಪನ ಚರಿತ್ರೆಯನ್ನು ಸಾಲು ಸಾಲಾಗಿ ಹಾಡುತ್ತಾರೆ. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡ, ತಾನಿಲ್ಲದಾಗ ಪತಿವ್ರತೆಯಾಗಿ ಇರುತ್ತೇನೆಂದು ಭಾಷೆ ಕೊಡು ಎಂದು ಹೆಂಡತಿ ಸಂಕಮ್ಮನನ್ನು ಕೇಳಿದಾಗ ಅವಳು ಕೊಡದೆ ನಿಲ್ಲುತ್ತಾಳಲ್ಲ, ಆ ಒಂದು ಭಾಗವನ್ನು ನಿಧಾನವಾಗಿ, ಮಾತು ಹಾಡುಗಳನ್ನು ಬೆರೆಸಿ ಹೇಳುತ್ತಾ ಹೋದರೆ ರಾತ್ರಿ ಸರಿಯುತ್ತದೆ. ಉತ್ಸವದಲ್ಲಿ ಒಂದು ತಂಡಕ್ಕೆ ಸಿಗುವ ಅವಧಿಯಲ್ಲಿ ಸಂಕಮ್ಮನ ಮನೆ ಬಾಗಿಲಿಗೂ ಹೋಗಿ ಮುಟ್ಟಲಾಗದು. ಹೀಗಾಗಿ ತಂಡದವರು ತಾಳ ಬೀಸುತ್ತಾ ಕುಣಿಯುವ ಬೀಸು ಕಂಸಾಳೆಯನ್ನು ಆರಿಸಿಕೊಳ್ಳುತ್ತಾರೆ. ಕಣ್ಣಿಗೆ ಹಬ್ಬವೆಂಬುದೇನೋ ನಿಜ, ಆದರೆ ಕಥೆ ಹಿಂದೆ ಉಳಿಯುತ್ತದೆ. ಉತ್ಸವ ನಡೆಸುವವರು ಕೊನೆಯ ಪಕ್ಷ ಒಂದು ರಾತ್ರಿಯನ್ನಾದರೂ ಒಂದೇ ಮೇಳಕ್ಕೆ, ಕುಳಿತು ಹಾಡುವುದಕ್ಕೆಂದು ಬಿಟ್ಟುಕೊಡಬೇಕೆಂಬುದು ನಮ್ಮ ಬಹುದಿನದ ಒತ್ತಾಯ. ಮೈಸೂರಿನ ಪ್ರೇಕ್ಷಕರಿಗೆ ರಾತ್ರಿಯಿಡೀ ಕೂರುವ ತಾಳ್ಮೆ ಇಲ್ಲವೆನ್ನುವ ಹಾಗಿಲ್ಲ. 2010ರಲ್ಲಿ ಇದೇ ಆವರಣದಲ್ಲಿ ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ರಂಗರೂಪವನ್ನು ಜನ ಬೆಳಗಿನವರೆಗೆ ಜಾಗ ಬದಲಿಸುತ್ತಾ ನೋಡಿದ್ದಾರೆ.

ಆದರೆ 'ಪ್ರಯೋಜನವೇನು' ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರ ಬೇರೆ. ದಸರಾ ಮೆರವಣಿಗೆಯಲ್ಲಿ ಕಂಸಾಳೆಯ ತಂಡ ನಿಮ್ಮೆದುರು ಹಾದು ಹೋಗುವುದು ಕ್ಷಣಮಾತ್ರ. ಹಿಂದಿನ ತಂಡದ ಡೊಳ್ಳು ಮುಂದಿನ ತಂಡದ ಹಾಡನ್ನು ನುಂಗಿರುತ್ತದೆ. ಕಿಂದರಿಜೋಗಿಯಲ್ಲಿ ಕುಳಿತರೆ ಮಗುವಿಗೆ ಆ ಕೈಗಳು ಕಾಣುತ್ತವೆ. ಬಟ್ಟಲಿನಂತೆ ಗುಳಿಯಿರುವ ಕಂಚಿನ ತಾಳ ಎಡಗೈಯಲ್ಲಿ ಇರುತ್ತದೆ. ಚಪ್ಪಟೆಯಾದ ಇನ್ನೊಂದಕ್ಕೆ ನಡುವೆ ದಾರ ಪೋಣಿಸಿ, ಆ ದಾರದ ತುದಿಯನ್ನು ಬಲಗೈಯಲ್ಲಿ ಹಿಡಿದಿರುತ್ತಾರೆ. ದಾರ ಬೀಸಿದಾಗ ಚಪ್ಪಟೆ ತಾಳ ತಲೆಯ ಮೇಲಿಂದಲೋ ಬೆನ್ನ ಹಿಂದಿನಿಂದಲೋ ಬಂದು ಬಟ್ಟಲಿಗೆ ಬಡಿಯಬೇಕು, ಬಡಿದದ್ದು ಹಾಡಿನ ತಾಳಕ್ಕೇ ಬೀಳಬೇಕು. ಒಬ್ಬನದು ಕೂದಲೆಳೆಯಷ್ಟು ತಡವಾದರೂ ಕಿವಿಗೆ ತಿಳಿಯುತ್ತದೆ. ಇದನ್ನು ನೋಡಿಕೊಂಡ ಮಗುವಿಗೆ ಆಮೇಲೆ ತಾತನವರೇ ಸಂಕಮ್ಮನ ಕಥೆಯನ್ನು ಹೇಳಲಿ. ಅವರಿಗೆ ಅದು ಗೊತ್ತಿರುವುದರಿಂದಲೇ ಅಲ್ಲವೆ ಈ ಅಸಮಾಧಾನ?

ಪ್ರಶ್ನೆ: ನಾಟಕಗಳಲ್ಲಿ ತಮಟೆ, ಜನಪದ ಹಾಡು ಬಂದರೆ ಸಾಕು, ಜನ ಚಪ್ಪಾಳೆ ತಟ್ಟುತ್ತಾರೆ. ಇದು ಒಗ್ಗರಣೆಯಷ್ಟೇ ಅಲ್ಲವೆ?
– ಕಾಲೇಜು ವಿದ್ಯಾರ್ಥಿ, ಬೆಂಗಳೂರು

ಉತ್ತರ: ಎಷ್ಟೋ ನಾಟಕಗಳಲ್ಲಿ ಅಷ್ಟೇ ಎಂಬುದನ್ನು ಒಪ್ಪುತ್ತೇವೆ. ಪರೀಕ್ಷಿಸುವ ದಾರಿ ಸುಲಭ: ಹಾಡನ್ನು ತೆಗೆದುಹಾಕಿದರೆ ಕಥೆಗೆ ಏನಾದರೂ ನಷ್ಟವಾಗುತ್ತದೆಯೆ ಎಂದು ಕೇಳಿಕೊಳ್ಳಿ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ ಸೂತ್ರಧಾರನೂ ಹಿಮ್ಮೇಳವೂ ಉತ್ತರ ಕರ್ನಾಟಕದ ಬಯಲಾಟದಿಂದ ನೇರವಾಗಿ ಬಂದವರು. ಅವರನ್ನು ಬಿಟ್ಟರೆ ನಾಟಕವೇ ಬಿದ್ದುಹೋಗುತ್ತದೆ. ಬಾಲ್ಯದಲ್ಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ್ದ ಕಾರಂತರು ಕಂಪನಿಯ ಸಂಗೀತವನ್ನೂ ಯಕ್ಷಗಾನವನ್ನೂ ಬಲ್ಲವರಾಗಿದ್ದರು. ಅವರ ರಂಗಸಂಗೀತದಲ್ಲಿ ಹಾಡುವವರು ಬದಿಯಲ್ಲಿ ಕುಳಿತ ಗಾಯಕರಷ್ಟೇ ಆಗಿರಲಿಲ್ಲ. ನಟರು ತಾವೇ ಹಾಡುತ್ತಾ, ಕೈಗೆ ಸಿಕ್ಕ ವಸ್ತುವಿನಿಂದ ಸದ್ದು ಹುಟ್ಟಿಸುತ್ತಾ, ಮರುಕ್ಷಣವೇ ಪಾತ್ರವಾಗಿ ಮಾತನಾಡುತ್ತಿದ್ದರು. ಠಾಗೋರರ ಗಿಳಿಯ ಕಥೆಯನ್ನು ಆಧರಿಸಿ ಅವರು ಮಕ್ಕಳಿಗಾಗಿ ಮಾಡಿದ 'ಪಂಜರ ಶಾಲೆ'ಯನ್ನು ಇಂದಿಗೂ ಶಾಲೆಗಳವರು ಆಡಿಸುತ್ತಾರೆ. ಹಾಗಿರುವಾಗ ಚಪ್ಪಾಳೆ ಯಾವ ಜಾಗದಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಿ. ತಮಟೆ ಜೋರಾದಾಗ ಬೀಳುವ ಚಪ್ಪಾಳೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಪ್ರಶ್ನೆ: ಮೂರು ವರ್ಷದ ಮಗುವನ್ನು ಕರೆತರಬಹುದೆ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಬಯಲು ವೇದಿಕೆಗೆ ಧಾರಾಳವಾಗಿ ಕರೆತನ್ನಿ. ಭೂಮಿಗೀತದ ಒಳಗೆ ಬೇಡ. ಅದು ಚಿಕ್ಕ ರಂಗಮಂದಿರವಾದ್ದರಿಂದ ಮಗು ಅತ್ತರೆ ನಟನಿಗೂ ಕೇಳುತ್ತದೆ. ಕತ್ತಲೆಗೆ ಹೆದರುವ ಮಗುವಾದರಂತೂ ಬೇಡವೇ ಬೇಡ.

ಪ್ರಶ್ನೆ: ನಾವು ಪುಣೆಯಲ್ಲಿರುವ ಕನ್ನಡಿಗರು. ನಮ್ಮ ಮಕ್ಕಳಿಗೆ ಮನೆಮಾತಿನ ಕನ್ನಡ ಬರುತ್ತದೆ, ನಾಟಕದ ಕನ್ನಡ ಅರ್ಥವಾಗುವುದಿಲ್ಲ. ಏನು ತೋರಿಸಬೇಕು?
– ಉದ್ಯೋಗಸ್ಥ ತಾಯಿ, ಪುಣೆ

ಉತ್ತರ: ಪೌರಾಣಿಕ ನಾಟಕದ ದೀರ್ಘ ಸಂಭಾಷಣೆಯಿಂದ ಆರಂಭಿಸಬೇಡಿ. ಅವಕಾಶ ಸಿಕ್ಕರೆ ಉತ್ತರ ಕರ್ನಾಟಕದ ಗೀಗೀ ಮೇಳವೊಂದನ್ನು ಕೇಳಿಸಿ. ಮುಖ್ಯ ಹಾಡುಗಾರ ದಪ್ಪು ಬಾರಿಸುತ್ತಾ ಒಂದು ನುಡಿ ಹಾಡುತ್ತಾನೆ, ಒಂಟಿ ತಂತಿಯ ತುಂತುಣಿ ಹಿಡಿದವರೂ ತಾಳದವರೂ ಅದರ ತುದಿಯನ್ನು ಎತ್ತಿಕೊಂಡು 'ಗೀಯ ಗಾ ಗೀಯ ಗಾ' ಎನ್ನುತ್ತಾರೆ. ಹರದೇಶಿ, ನಾಗೇಶಿ ಎಂದು ಎರಡು ಮೇಳಗಳು ಎದುರುಬದುರಾಗಿ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ವಾದ ಹೂಡಿದರಂತೂ ಅರ್ಧ ಮಾತು ತಿಳಿಯದ ಮಗುವೂ ಒಂದು ಪಕ್ಷ ಹಿಡಿದು ಕೂರುತ್ತದೆ. ನಾಟಕಕ್ಕೆ ಹೋಗುವುದಾದರೆ ಹಿಂದಿನ ರಾತ್ರಿಯೇ ಕಥೆಯನ್ನು, ಅದರ ಕೊನೆಯನ್ನೂ ಸೇರಿಸಿ, ಹೇಳಿಬಿಡಿ. ಕಥೆ ಮೊದಲೇ ತಿಳಿದರೆ ಸ್ವಾರಸ್ಯ ಕೆಡುತ್ತದೆಂಬ ಭಯ ಬೇಡ. ಯಕ್ಷಗಾನಕ್ಕೆ ಬರುವವರಲ್ಲಿ ಕೀಚಕ ಸಾಯುತ್ತಾನೆಂದು ತಿಳಿಯದವರು ಯಾರಿದ್ದಾರೆ?

ಪ್ರಶ್ನೆ: ಮೈಸೂರು ನಮಗೆ ಬಲು ದೂರ. ಇಂಥ ನಾಟಕಗಳು ನಮ್ಮ ಕಡೆಗೆ ಬರುವುದಿಲ್ಲವೆ?
– ಓದುಗರು, ಹೊಸಪೇಟೆ

ಉತ್ತರ: ರಂಗಾಯಣಗಳು ಈಗ ಧಾರವಾಡ, ಕಲಬುರಗಿ, ಶಿವಮೊಗ್ಗಗಳಲ್ಲಿಯೂ ಇವೆ, ನಿಮಗೆ ಧಾರವಾಡ ಹೆಚ್ಚು ಅನುಕೂಲ. ಹೆಗ್ಗೋಡಿನ ನಾಟಕಸಂಸ್ಥೆ ನೀನಾಸಮ್ 1985ರಿಂದ ತನ್ನ 'ತಿರುಗಾಟ'ದ ಮೂಲಕವೂ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯವರು 'ಶಿವಸಂಚಾರ'ದ ಮೂಲಕವೂ ಪ್ರತಿ ವರ್ಷ ಕೆಲವು ನಾಟಕಗಳನ್ನು ಸಿದ್ಧಗೊಳಿಸಿ ಊರೂರಿಗೆ ಒಯ್ಯುತ್ತಾರೆ. ಸ್ಥಳೀಯ ಸಂಘವೊಂದು ಆಹ್ವಾನಿಸಿ, ವೇದಿಕೆಯನ್ನೂ ತಂಡದ ಊಟ-ವಸತಿಯನ್ನೂ ವಹಿಸಿಕೊಂಡರೆ ನಿಮ್ಮ ಊರಿಗೂ ನಾಟಕ ಬರುತ್ತದೆ. ಇನ್ನು ಬಾದಾಮಿಯ ಬಳಿ ಬನದ ಹುಣ್ಣಿಮೆಗೆ ಆರಂಭವಾಗುವ ಬನಶಂಕರಿ ಜಾತ್ರೆಯನ್ನು ನೀವು ಹೇಗೆ ಮರೆತಿರಿ? ಅಲ್ಲಿ ಹಲವು ವೃತ್ತಿ ನಾಟಕ ಕಂಪನಿಗಳು ಒಟ್ಟಿಗೆ ಟೆಂಟು ಹಾಕಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಕೆಲವು ನಾಟಕಗಳ ಹಾಸ್ಯ ಮಕ್ಕಳ ಮುಂದೆ ಮುಜುಗರ ತರುವಂಥದು. ಟಿಕೆಟ್ ಕೊಳ್ಳುವ ಮೊದಲು ಆಟ ನೋಡಿ ಹೊರಬರುತ್ತಿರುವ ಕುಟುಂಬವೊಂದನ್ನು ವಿಚಾರಿಸಿಕೊಳ್ಳಿ.

ಪ್ರಶ್ನೆ: ಮಗಳನ್ನು ಚಿಣ್ಣರ ಮೇಳಕ್ಕೆ ಸೇರಿಸಿದರೆ ಒಳ್ಳೆಯ ನಟಿಯಾಗುತ್ತಾಳೆಯೆ?
– ಬ್ಯಾಂಕ್ ನೌಕರ, ಮೈಸೂರು

ಉತ್ತರ: ಆ ಉದ್ದೇಶದಿಂದ ಸೇರಿಸಬೇಡಿ. ಹಲವು ಶಾಲೆಗಳ ಮಕ್ಕಳು ಬೇಸಿಗೆಯ ಕೆಲವು ವಾರ ಒಂದೇ ಆವರಣದಲ್ಲಿ ಹಾಡು, ಕುಣಿತ, ಮುಖವಾಡ, ಮಣ್ಣಿನ ಕೆಲಸಗಳಲ್ಲಿ ತೊಡಗಿ, ಕೊನೆಗೆ ತಂಡ ತಂಡವಾಗಿ ನಾಟಕ ಆಡುತ್ತಾರೆ. ಅಲ್ಲಿ ನಿಮ್ಮ ಮಗಳಿಗೆ ರಾಣಿಯ ಪಾತ್ರವೇ ಸಿಗಬೇಕೆಂದೇನೂ ಇಲ್ಲ. ಮರವೋ ಇಲಿಯೋ ಆಗಿ ಹಿಮ್ಮೇಳದಲ್ಲಿ ನಿಂತು ಹಾಡಬೇಕಾಗಬಹುದು. ಪಾತ್ರ ಬದಲಿಸಿಕೊಡಿ ಎಂದು ಮೇಳದವರನ್ನು ಕೇಳಲು ಹೋಗಬೇಡಿ. ಪ್ರವೇಶಕ್ಕೆ ಬೇಡಿಕೆ ಹೆಚ್ಚಿರುವುದರಿಂದ, ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಕಾಯದೆ ಅರ್ಜಿ ಯಾವಾಗ ಕೊಡುತ್ತಾರೆಂದು ಮೊದಲೇ ತಿಳಿದುಕೊಂಡಿರಿ.