ಮೂರನೇ ಪ್ಯಾರಾದ ಬಗ್ಗೆ

ಹೊಳಲ್ಕೆರೆಯ ಗೆಳೆಯರೇ,

ಪ್ರಾಣಿಹಿಂಸೆ ಮಾಡಿದವರ ಹೆಸರಿನ ಪಟ್ಟಿಯನ್ನು ಸರ್ಕಾರ ಊರಿಗೆಲ್ಲ ಕಾಣುವಂತೆ ಪ್ರಕಟಿಸಬೇಕು ಎಂದು ನಮ್ಮ ಪತ್ರಿಕೆಯ ಪುರವಣಿಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಭಾಷೆಯೂ ಸಲೀಸು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ ಅಷ್ಟೇ ಎಂದು ತೋರಿಸಿದ್ದೀರಿ. ನಮ್ಮ ದಾವಣಗೆರೆಯಲ್ಲಿ ಆ ದುಡ್ಡಿಗೆ ಇಬ್ಬರು ಬೆಣ್ಣೆದೋಸೆ ತಿನ್ನೋಕಾಗಲ್ಲ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಮೂರನೇ ಪ್ಯಾರಾ ನನ್ನ ರಾತ್ರಿಯೂಟ ಕೆಡಿಸಿತು.

‘ಅಮೆರಿಕದಲ್ಲಿ ಇಂಥ ಪಟ್ಟಿ ಇದೆ.’ ಅಮೆರಿಕದಲ್ಲಿ ಎಲ್ಲಿ? ಇಡೀ ರಾಜ್ಯಕ್ಕೆ ಅಂತ ಮೊದಲು ಶುರುವಾದದ್ದು ಟೆನೆಸ್ಸಿಯಲ್ಲಿ, 2016ರ ಜನವರಿಯಲ್ಲಿ.

‘ಹೆಸರು ಶಾಶ್ವತವಾಗಿ ಉಳಿಯುತ್ತದೆ.’ ಇಲ್ಲ. ಅಲ್ಲಿ ಮೊದಲ ಸಲಕ್ಕೆ 2 ವರ್ಷ, ಮತ್ತೆ ಶಿಕ್ಷೆಯಾದರೆ 5 ವರ್ಷ.

‘ಎತ್ತಿಗೆ ಹೊಡೆಯುವವರಿಗೂ ಇದು ಪಾಠ.’ ಆ ಪಟ್ಟಿಗೆ ನಾಯಿ, ಬೆಕ್ಕಿನಂಥವು ಲೆಕ್ಕ. ದನಕರು ಸೇರಿಲ್ಲ.

‘ಠಾಣೆಯಲ್ಲಿ ಕೇಸು ದಾಖಲಾದ ಕೂಡಲೇ ಅಪರಾಧಿಯ ಫೋಟೊ ಹಾಕಬೇಕು.’ ಕೇಸು ದಾಖಲಾದವನು ಆರೋಪಿ, ಸ್ವಾಮಿ! ಟೆನೆಸ್ಸಿಯವರೂ ಕೋರ್ಟಿನಲ್ಲಿ ಶಿಕ್ಷೆಯಾದವರ ಹೆಸರನ್ನೇ ಹಾಕುವುದು.

‘ಅಪರಾಧಿ’ ಎಂಬ ಒಂದು ಪದಕ್ಕೆ ಇಷ್ಟು ಸಿಟ್ಟೇಕೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಈರುಳ್ಳಿ ಗಾಡಿ ಹೊಡೆಯುವ ಒಬ್ಬನ ಬಾರುಕೋಲಿನ ತುದಿಯಲ್ಲಿ ಮೊಳೆ ಇತ್ತೆಂದು ಕೇಸಾಯಿತು. ‘ಎತ್ತನ್ನು ಹಿಂಸಿಸಿದ ಅಪರಾಧಿ’ ಎಂದು ಊರು, ತಂದೆ ಹೆಸರು ಸಮೇತ ಬರೆದೆ. ಡೆಸ್ಕಿನ ಹಿರಿಯರು ಊಟಕ್ಕೆ ಎದ್ದಿದ್ದರು, ಸುದ್ದಿ ಹಾಗೇ ಹೋಯಿತು. ವರ್ಷದ ಮೇಲೆ ಕೇಸು ಬಿದ್ದುಹೋಯಿತು. ಕೋಲು ಅವನದೇ ಅಲ್ಲ.

ಅವನು ಕಚೇರಿಗೆ ಬಂದ. ಜಗಳಕ್ಕೇನಲ್ಲ. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಪೇಪರ್ ತುಣುಕು ತೆಗೆದ. ಮಡಿಕೆ ಬಿದ್ದ ಕಡೆ ಅಕ್ಷರ ಸವೆದಿದ್ದವು, ‘ಅಪರಾಧಿ’ ಮಾತ್ರ ನೆಟ್ಟಗಿತ್ತು. ‘ಸಾಹೇಬ್ರೇ, ಮಂಡಿಯಾಗೆ ಯಾರೂ ಬಾಡಿಗೆ ಕೊಡವಲ್ರು, ಇದನ್ನ ತೆಗೀರಿ’ ಅಂದ. ಅಚ್ಚಾದದ್ದನ್ನು ಎಲ್ಲಿಂದ ತೆಗೆಯುವುದು? ಒಳಪುಟದಲ್ಲಿ, ಹರಾಜು ಜಾಹೀರಾತಿನ ಕೆಳಗೆ, ಎರಡು ಸಾಲಿನ ತಿದ್ದುಪಡಿ ಹಾಕಿದೆವು. ಅವನಿಗೆ ಓದಲು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ.

‘ಮೂಕಪ್ರಾಣಿ’ ಏಳು ಕಡೆ ಬಂದಿದೆ, ಅದು ಹೋಗಲಿ ಬಿಡಿ. ಮೂರನೇ ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ. ಪುರವಣಿ ಪುಟ ಗುರುವಾರ ಕಟ್ಟುತ್ತೇವೆ.