ಕಲೆಯ ಬಣ್ಣ ನೋಡುತ್ತಾ ಕೂರಬೇಡಿ, ಮೊದಲು ಟೆಸ್ಟ್ ಮಾಡಿ

ತಾರೀಖಿಗೆ ಎರಡು ದಿನ ಮೊದಲೇ ಕಂದು ಕಲೆ ಕಾಣಿಸಿದೆ, ಇದು ಮುಟ್ಟೋ ಅಥವಾ ಗರ್ಭ ನಿಂತಿದ್ದಕ್ಕೆ ಬಂದ ರಕ್ತವೋ, ನೋಡಿ ಹೇಗೆ ಕಂಡುಹಿಡಿಯುವುದು ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಯಾರನ್ನೂ ಕೇಳಲಿಲ್ಲ, ನಾನೇ ಉತ್ತರ ಕೊಟ್ಟುಕೊಂಡೆ.

ನನಗೆ 29 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುತ್ತಿತ್ತು. ಆ ಸಲ 27ನೇ ದಿನವೇ ಪ್ಯಾಡ್ ಮೇಲೆ ಉದ್ದಕ್ಕೆ ಒಂದು ಗೆರೆ ಕಂಡಿತು. ತುಕ್ಕಿನ ಬಣ್ಣ. ಮರುದಿನ ಸ್ವಲ್ಪ ಕೆಂಪಾಯಿತು, ಮೂರನೇ ದಿನ ನಿಂತೇ ಹೋಯಿತು. ಯಾವಾಗಲೂ ಐದು ದಿನ, ದಿನಕ್ಕೆ ನಾಲ್ಕು ಪ್ಯಾಡ್ ಬೇಕಾಗುತ್ತಿದ್ದವಳಿಗೆ ದಿನಕ್ಕೆ ಒಂದೇ ಸಾಕಾಯಿತು. ಹೆಪ್ಪು ಬೀಳಲಿಲ್ಲ. ಆ ತಿಂಗಳು ಕೆಲಸ ಜಾಸ್ತಿ, ನಿದ್ದೆ ಕಡಿಮೆ, ಅದಕ್ಕೇ ಹೀಗೆ ಅಂದುಕೊಂಡೆ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಆ ತಾರೀಖಿಗೆ ಸುತ್ತು ಹಾಕಿದೆ.

ನಾನು ಮಾಡಿದ ತಪ್ಪು ಆ ಸುತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಎಂಥವರಿಗೂ ಆಗಬಹುದು. ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿದ್ದರೆ, ಅಂದರೆ ‘ಎರಡು ದಿನ ಮೊದಲೇ, ಕಂದು ಬಣ್ಣ, ದಿನಕ್ಕೆ ಒಂದೇ ಪ್ಯಾಡ್’ ಅಂತ ಬರೆದಿದ್ದರೆ, ಮುಂದೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಸುತ್ತು ಹಾಕಿದ ಮೇಲೆ ಅದು ಮುಟ್ಟು ಅಂತ ಆಗಿಹೋಯಿತು. ನನ್ನ ಅನುಮಾನವೂ ಅಲ್ಲಿಗೆ ಮುಗಿಯಿತು.

ಹದಿನಾರು ದಿನ ಆದ ಮೇಲೆ ಹೊಟ್ಟೆಯ ಕೆಳಗೆ, ಬಲಗಡೆ ಮಾತ್ರ ನೋವು ಶುರುವಾಯಿತು. ಮತ್ತೆ ಅದೇ ಕಂದು ಕಲೆ. ಡಾಕ್ಟರ್ ಹತ್ತಿರ ಹೋದೆ. ‘ಕೊನೆಯ ಪೀರಿಯಡ್ಸ್ ಯಾವಾಗ ಆಯಿತು?’ ಅಂದರು. ಸುತ್ತು ಹಾಕಿದ ತಾರೀಖನ್ನು ಥಟ್ಟನೆ ಹೇಳಿದೆ. ಮೂರೇ ದಿನ ಇತ್ತು, ಕಡಿಮೆ ಹೋಯಿತು ಅಂತ ಹೇಳಬೇಕು ಅನ್ನಿಸಲೇ ಇಲ್ಲ. 16 ದಿನದ ಹಿಂದೆ ಮುಟ್ಟಾದವಳು ಬಸುರಿ ಅಂತ ಯಾರು ಅಂದುಕೊಳ್ಳುತ್ತಾರೆ? ಯೂರಿನ್ ಟೆಸ್ಟ್ ಮಾಡಿಸಿದರು, ಸೋಂಕು ಇದೆಯಾ ಅಂತ ನೋಡಲು. ಅದೇ ಬಾಟಲಿಯಿಂದ ಎರಡು ಹನಿ ತೆಗೆದು ಪ್ರೆಗ್ನೆನ್ಸಿ ಕಿಟ್ ಮೇಲೆ ಬಿಟ್ಟಿದ್ದರೆ ಎರಡು ಗೆರೆ ಕಾಣುತ್ತಿದ್ದವು. ಮಾತ್ರೆ ಕೊಟ್ಟು ಕಳಿಸಿದರು. ಮಕ್ಕಳಾಗುವ ವಯಸ್ಸಿನ ಹೆಣ್ಣು ಹೊಟ್ಟೆನೋವು ಅಂತ ಬಂದರೆ, ಅವಳು ಯಾವ ತಾರೀಖು ಹೇಳಿದರೂ ಪ್ರೆಗ್ನೆನ್ಸಿ ಟೆಸ್ಟ್ ಮಾಡಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಐದನೇ ರಾತ್ರಿ ಬಲ ಭುಜದ ತುದಿಯಲ್ಲಿ ನೋವು ಬಂತು. ಮಗ್ಗುಲು ತಪ್ಪಿ ಮಲಗಿದ್ದಕ್ಕೆ ಇರಬೇಕು ಅಂದುಕೊಂಡು ಎದ್ದೆ, ಕಣ್ಣು ಕತ್ತಲೆ ಬಂತು. ಎಚ್ಚರ ಆದಾಗ ನನ್ನ ಕೆನ್ನೆ ಬಾತ್‌ರೂಮಿನ ತಣ್ಣನೆ ನೆಲದ ಮೇಲಿತ್ತು. ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು, ಎಕ್ಟೋಪಿಕ್. ಅಂದರೆ ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ಟ್ಯೂಬಿನಲ್ಲೇ ಬೆಳೆದು, ಟ್ಯೂಬ್ ಒಡೆದು, ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಆ ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ಪೊರೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದಂತೆ. ಆ ರಾತ್ರಿಯೇ ಆಪರೇಷನ್ ಮಾಡಿ ಬಲಗಡೆ ಟ್ಯೂಬ್ ತೆಗೆದರು. ಚಿಕ್ಕದಿದ್ದಾಗಲೇ ಗೊತ್ತಾದರೆ ಎಷ್ಟೋ ಜನರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್‌ನಲ್ಲೇ ವಾಸಿ ಮಾಡುತ್ತಾರೆ. ನೂರು ಗರ್ಭದಲ್ಲಿ ಒಂದೋ ಎರಡೋ ಹೀಗಾಗುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೋಡಿ ಗುರುತಿಸಲು ಆಗುವುದಿಲ್ಲ. ಗರ್ಭ ಅಂಟಿಕೊಳ್ಳುವಾಗ ಬರುವ ರಕ್ತ ತಿಳಿ ಗುಲಾಬಿ ಇಲ್ಲವೇ ಕಂದು, ನಾಲ್ಕು ಹನಿ, ಕೆಲವು ಗಂಟೆಯಿಂದ ಎರಡು ದಿನ, ಹೆಪ್ಪು ಇರುವುದಿಲ್ಲ, ಅಂಡಾಣು ಬಿಡುಗಡೆಯಾದ 6ರಿಂದ 12 ದಿನದೊಳಗೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮುಟ್ಟಾದರೆ ದಿನ ಕಳೆದಂತೆ ಜಾಸ್ತಿಯಾಗಿ ಕಡುಕೆಂಪಾಗುತ್ತದೆ ಅಂತಾರೆ. ಸುಳ್ಳಲ್ಲ. ಆದರೆ ಕೆಲವರಿಗೆ ಮುಟ್ಟೇ ಕಂದಾಗಿ ಶುರುವಾಗುತ್ತದೆ. ಎಕ್ಟೋಪಿಕ್‌ನಲ್ಲೂ ಕಂದು ಕಲೆಯೇ ಬರುತ್ತದೆ. ಗರ್ಭ ಇಳಿದುಹೋಗುವಾಗಲೂ ಮೊದಲು ಹಾಗೇ ಕಾಣಬಹುದು. ನಾಲ್ಕಕ್ಕೂ ಒಂದೇ ಬಣ್ಣ ಇರುವಾಗ ಬಣ್ಣ ಏನು ಹೇಳೀತು?

ಕಿಟ್ ತನ್ನಿ. ಮುಟ್ಟಾಗಬೇಕಿದ್ದ ದಿನ ಬೆಳಿಗ್ಗೆ, ಮೊದಲ ಮೂತ್ರದಲ್ಲೇ ಮಾಡಿ. ರಕ್ತ ಹೋಗುತ್ತಿದ್ದರೂ ಮಾಡಬಹುದು, ಅದರಿಂದ ಫಲಿತಾಂಶ ಕೆಡುವುದಿಲ್ಲ. ಒಂದೇ ಗೆರೆ ಬಂದರೆ ಎರಡು ಮೂರು ದಿನ ಬಿಟ್ಟು ಇನ್ನೊಂದು ಸಲ. ಕಿಟ್ ಹುಡುಕುವುದು ಗರ್ಭ ನಿಂತಾಗ ಬರುವ ಎಚ್‌ಸಿಜಿ ಅನ್ನುವ ಹಾರ್ಮೋನನ್ನು. ಶುರುವಿನಲ್ಲಿ ಅದು ಸುಮಾರು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ, ಹಾಗಾಗಿ ಇವತ್ತು ಸಿಗದೇ ಹೋದದ್ದು ಆಮೇಲೆ ಸಿಗುತ್ತದೆ. ಎರಡು ಗೆರೆ ಬಂದರೆ, ರಕ್ತವೂ ಕಾಣುತ್ತಿದ್ದರೆ, ಡಾಕ್ಟರ್ ಹತ್ತಿರ ಹೋಗಲೇಬೇಕು. 48 ಗಂಟೆ ಅಂತರದಲ್ಲಿ ಎರಡು ಸಲ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿಸಿ ಅಂತಾರೆ. ಐದನೇ ವಾರ ದಾಟಿದ ಮೇಲೆ ಗರ್ಭ ಎಲ್ಲಿದೆ ಅನ್ನುವುದು ಸಾಮಾನ್ಯವಾಗಿ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆದರೆ ಮುಂದಿನ ಗರ್ಭಕ್ಕೆ ತೊಂದರೆ ಆಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಇಷ್ಟೆಲ್ಲ ಓದಿ ಹೆದರಬೇಡಿ. ಎರಡು ವರ್ಷ ಆದ ಮೇಲೆ ನಾನು ಮತ್ತೆ ಬಸುರಿಯಾದೆ. ಆರನೇ ವಾರ ಮತ್ತೆ ರಕ್ತ, ಈ ಸಲ ಚೆನ್ನಾಗಿ ಕೆಂಪು, ಮೊದಲಿಗಿಂತ ಜಾಸ್ತಿ. ಸ್ಕ್ಯಾನಿಂಗ್ ಟೇಬಲ್ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ‘ನೋಡಿ’ ಅಂದರು. ಸ್ಕ್ರೀನಿನಲ್ಲಿ ಅಕ್ಕಿ ಕಾಳಿನಷ್ಟು ಚುಕ್ಕಿ ಪಟಪಟ ಅನ್ನುತ್ತಿತ್ತು. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತ ಕಾಣುತ್ತದೆ, ಅವರಲ್ಲಿ ಎಷ್ಟೋ ಜನರ ಗರ್ಭ ಉಳಿಯುತ್ತದೆ ಅಂತ ಆ ದಿನ ಹೇಳಿದರು. ಆ ಚುಕ್ಕಿಗೆ ಈಗ ಮೂರು ವರ್ಷ.

ಸದ್ಯಕ್ಕೆ ಇವತ್ತಿನ ತಾರೀಖು, ಬಣ್ಣ, ಎಷ್ಟು ಪ್ಯಾಡ್ ಆಯಿತು ಅಂತ ಬರೆದಿಡಿ. ‘ಮುಟ್ಟು’ ಅಂತ ಬರೆಯಬೇಡಿ. ಇನ್ನೊಂದು ಮಾತು: ಹೊಟ್ಟೆಯ ಒಂದೇ ಕಡೆ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಇಲ್ಲಾ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಇವುಗಳಲ್ಲಿ ಒಂದು ಕಂಡರೂ ಟೆಸ್ಟ್‌ಗೆ ಅಂತ ಬೆಳಿಗ್ಗೆವರೆಗೂ ಕಾಯಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಗಲೇ ಎಮರ್ಜೆನ್ಸಿಗೆ ಹೋಗಿ. ಒಬ್ಬರೇ ಹೋಗಬೇಡಿ.