ಕಟ್ಟಡದ ಸೈಟಿನಲ್ಲಿ ದಿನವೂ ಕಟ್ಟುವ ಸ್ಮಾರ್ಟ್‌ವಾಚಿಗೆ ಅಲ್ಯುಮಿನಿಯಮ್, ಸ್ಟೀಲ್, ಟೈಟಾನಿಯಮ್‌ಗಳಲ್ಲಿ ಯಾವ ಕೇಸ್ ಸೂಕ್ತ?

ಆಪಲ್ ವಾಚ್ ಸೀರೀಸ್ 10ರಲ್ಲಿ 42 ಮಿ.ಮೀ. ಅಲ್ಯುಮಿನಿಯಮ್ ಕೇಸಿನದನ್ನು ಕೊಳ್ಳಬೇಕೋ, ಅದೇ ಅಳತೆಯ ಟೈಟಾನಿಯಮ್ ಕೇಸಿನದನ್ನೋ, ಅಥವಾ ಅಂಗಡಿಯವರು ರಿಯಾಯಿತಿ ದರದಲ್ಲಿ ಕೊಡುತ್ತೇವೆನ್ನುತ್ತಿರುವ ಸೀರೀಸ್ 9ರ ಸ್ಟೀಲ್ ಕೇಸಿನದನ್ನೋ ಎಂದು ಕೇಳಿದ್ದೀರಿ. ಜೊತೆಗೆ, ನೀವು ಕಟ್ಟಡ ನಿರ್ಮಾಣದ ಸೈಟ್ ಎಂಜಿನಿಯರ್ ಎಂದೂ, ಹಿಂದೊಮ್ಮೆ ಸ್ಟೀಲ್ ವಾಚು ಕಟ್ಟಿದಾಗ ಮಣಿಕಟ್ಟಿನಲ್ಲಿ ತುರಿಕೆ ಎದ್ದಿತ್ತೆಂದೂ ಬರೆದಿದ್ದೀರಿ. ಈ ಎರಡು ವಿವರಗಳು ಇಲ್ಲದೆ ಹೋಗಿದ್ದರೆ ಅಲ್ಯುಮಿನಿಯಮ್ ಧಾರಾಳ ಸಾಕು ಎಂದು ಒಂದು ಸಾಲಿನಲ್ಲಿ ಉತ್ತರ ಮುಗಿಸಬಹುದಿತ್ತು. ಇವು ಇರುವುದರಿಂದ ನನ್ನ ಅಭಿಪ್ರಾಯ ಬೇರೆ: ಸೈಟಿನಲ್ಲೂ ಕೈಯಲ್ಲೇ ಇರಬೇಕಾದ ವಾಚಾದರೆ ಟೈಟಾನಿಯಮ್ ತೆಗೆದುಕೊಳ್ಳಿ, ಸೈಟಿಗೆ ಹೋಗುವ ಮೊದಲು ಬಿಚ್ಚಿಡುವ ಅಭ್ಯಾಸ ಮಾಡಿಕೊಳ್ಳಬಲ್ಲಿರಾದರೆ ಬೆಳ್ಳಿ ಬಣ್ಣದ ಅಲ್ಯುಮಿನಿಯಮ್ ತೆಗೆದುಕೊಳ್ಳಿ. ಸ್ಟೀಲ್ ನಿಮಗೆ ಬೇಡ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಾನು ಬೆಂಗಳೂರಿನ ಪೀಣ್ಯದಲ್ಲಿ ಅಲ್ಯುಮಿನಿಯಮ್ ಬಿಡಿಭಾಗಗಳಿಗೆ ಅನೋಡೈಸಿಂಗ್ (ವಿದ್ಯುತ್ ಹರಿಸಿ ಮೇಲ್ಮೈಯಲ್ಲಿ ಗಡಸು ಪದರ ಬೆಳೆಸುವುದು) ಮಾಡುವ ಘಟಕವೊಂದರಲ್ಲಿ ಗುಣಮಟ್ಟ ತಪಾಸಣೆಯ ಕೆಲಸ ಮಾಡುವವನು, ಹಾಗಾಗಿ ಲೋಹದ ಮೇಲ್ಮೈ ಹೇಗೆ ಕೆಡುತ್ತದೆ ಎಂಬುದನ್ನು ನೋಡುವುದೇ ನನ್ನ ದಿನಚರಿ.

ಮೊದಲಿಗೆ, ಕೇಸನ್ನು ಆರಿಸುವಾಗ ನೀವು ವಾಸ್ತವದಲ್ಲಿ ಗಾಜನ್ನೂ ಆರಿಸುತ್ತಿದ್ದೀರಿ ಎಂಬುದನ್ನು ಗಮನಿಸಬೇಕು. ಈ ವಾಚುಗಳಲ್ಲಿ ಅಲ್ಯುಮಿನಿಯಮ್ ಕೇಸಿಗೆ ಅಯಾನ್-ಎಕ್ಸ್ ಎಂದು ಕರೆಯುವ ಗಾಜನ್ನೂ, ಸ್ಟೀಲ್ ಮತ್ತು ಟೈಟಾನಿಯಮ್ ಕೇಸುಗಳಿಗೆ ಸಫೈರ್ ಗಾಜನ್ನೂ (ಕೃತಕವಾಗಿ ಬೆಳೆಸಿದ ನೀಲಮಣಿ ಹರಳು) ಹಾಕುತ್ತಾರೆ. ಮೊದಲನೆಯದು ಗಾಜನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿ ಗಟ್ಟಿಗೊಳಿಸಿದ್ದು. ಗಾಜಿನ ಮೇಲ್ಪದರದಲ್ಲಿರುವ ಚಿಕ್ಕ ಸೋಡಿಯಂ ಅಯಾನುಗಳ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಬಂದು ಕೂರುವುದರಿಂದ ಆ ಪದರ ಬಿಗಿಯಾಗಿ ಅದುಮಿದಂತಾಗಿ, ಬಿದ್ದಾಗ ಸುಲಭವಾಗಿ ಒಡೆಯುವುದಿಲ್ಲ. ಆದರೆ ಗೀರಿನ ಮಾತು ಬೇರೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಗಾಜು ಸುಮಾರು 6ರ ಆಸುಪಾಸಿನಲ್ಲಿದ್ದರೆ, ಮರಳಿನ ಮುಖ್ಯ ಅಂಶವಾದ ಸ್ಫಟಿಕ ಶಿಲೆ 7ರಲ್ಲಿದೆ, ಸಫೈರ್ 9ರಲ್ಲಿದೆ. ನಿಮ್ಮ ಸೈಟಿನಲ್ಲಿ ಗಾಳಿಯಲ್ಲಿ ತೇಲುವ ಧೂಳಿನಲ್ಲೂ, ಗ್ರಾನೈಟ್ ಜಜ್ಜಿ ಮಾಡುವ ಎಂ-ಸ್ಯಾಂಡಿನಲ್ಲೂ ಇರುವುದು ಇದೇ ಸ್ಫಟಿಕ. ಧೂಳು ಮೆತ್ತಿದ ಗಾಜನ್ನು ಅಂಗಿಯ ತುದಿಯಿಂದ ಒರೆಸಿಕೊಂಡರೂ ಅಯಾನ್-ಎಕ್ಸ್ ಮೇಲೆ ಸಣ್ಣ ಗೆರೆಗಳು ಮೂಡುತ್ತವೆ. ಸಫೈರ್ ಮೇಲೆ ಮೂಡುವುದಿಲ್ಲ. ಸಫೈರಿಗೆ ಅದರದೇ ಆದ ದೌರ್ಬಲ್ಯವಿದೆ, ಅದು ಗಡಸಾದಷ್ಟೇ ಪೆಡಸು. ಸ್ಲ್ಯಾಬಿಗೆ ಆಸರೆಯಾಗಿ ನಿಲ್ಲಿಸುವ ಸೆಂಟ್ರಿಂಗ್ ಪೈಪಿಗೆ ಅಂಚು ತಾಗುವಂತೆ ಜೋರಾಗಿ ಬಡಿದರೆ ಅದೂ ಬಿರುಕು ಬಿಡುತ್ತದೆ, ಮತ್ತು ಗಾಜು ಡಿಸ್‌ಪ್ಲೇಗೆ ಅಂಟಿಕೊಂಡೇ ಇರುವುದರಿಂದ ಗಾಜನ್ನು ಮಾತ್ರ ಬದಲಿಸಿಕೊಡುವ ಅನುಕೂಲ ಅಧಿಕೃತ ಸೇವೆಯಲ್ಲಿ ಇಲ್ಲ. ಆದರೂ ಬಡಿತ ಅಪರೂಪ, ಧೂಳು ದಿನನಿತ್ಯದ್ದು.

ಇನ್ನು ಅಲ್ಯುಮಿನಿಯಮ್. ಇದು ನನ್ನ ಕಸುಬಿನ ವಿಷಯವಾದ್ದರಿಂದ ಮಾತು ಕೊಂಚ ಉದ್ದವಾದರೆ ಸಹಿಸಿಕೊಳ್ಳಿ. ವಾಚಿನ ಕೇಸಿನ ಬಣ್ಣ ಪೇಂಟಿನದಲ್ಲ. ಅಲ್ಯುಮಿನಿಯಮ್ ಭಾಗವನ್ನು ನೀರು ಬೆರೆಸಿದ ಗಂಧಕಾಮ್ಲದ ತೊಟ್ಟಿಯಲ್ಲಿ ಇಳಿಬಿಟ್ಟು ವಿದ್ಯುತ್ ಹರಿಸಿದಾಗ, ಲೋಹದ ಮೇಲ್ಮೈಯೇ ಅಲ್ಯುಮಿನಿಯಮ್ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಆ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳಿಗೆ ಬಣ್ಣ ಕುಡಿಸಿ, ಬಳಿಕ ಕುದಿಯುವ ಮಟ್ಟದ ಬಿಸಿನೀರಿನಲ್ಲಿಟ್ಟು ಬಾಯಿ ಮುಚ್ಚುತ್ತೇವೆ, ಇದಕ್ಕೆ ಸೀಲಿಂಗ್ ಎನ್ನುತ್ತೇವೆ. ಹೀಗೆ ಬೆಳೆಸಿದ ಪದರ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಮೈಕ್ರಾನ್ ದಪ್ಪವಿರುತ್ತದೆ, ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗದಿಂದ ನಲವತ್ತನೇ ಒಂದು ಭಾಗದವರೆಗೆ. ಪದರ ಗಡಸಾದದ್ದು, ಅದರ ಕೆಳಗಿನ ಲೋಹ ಮೆತ್ತಗಿನದ್ದು. ಮುದ್ದೆಯ ಮೇಲೆ ಹಪ್ಪಳವಿಟ್ಟು ಬೆರಳಿನಿಂದ ಒತ್ತಿದರೆ ಏನಾಗುತ್ತದೋ, ಕಂಬಿಯ ತುದಿ ಅಲ್ಯುಮಿನಿಯಮ್ ಕೇಸಿಗೆ ಬಡಿದಾಗಲೂ ಅದೇ ಆಗುತ್ತದೆ: ಕೆಳಗಿನದು ತಗ್ಗುತ್ತದೆ, ಮೇಲಿನದು ಸೀಳುತ್ತದೆ. ಕಪ್ಪು ಬಣ್ಣದ ಕೇಸಾದರೆ ಆ ಸೀಳಿನಲ್ಲಿ ಒಳಗಿನ ಲೋಹ ಬೆಳ್ಳಗೆ ಇಣುಕುತ್ತದೆ, ಪಾಲಿಶ್ ಮಾಡಿ ಸರಿಪಡಿಸೋಣವೆಂದರೆ ಉಳಿದ ಪದರವೂ ಹೋಗುತ್ತದೆ. ಬಣ್ಣ ಕುಡಿಸದ ಬೆಳ್ಳಿ ಬಣ್ಣದ ಕೇಸಿನಲ್ಲಿ ಅದೇ ಗಾಯ ಕಣ್ಣಿಗೆ ಹೊಡೆಯುವುದಿಲ್ಲ. ನಾನು ಬೆಳ್ಳಿ ಬಣ್ಣವನ್ನು ಹೇಳಿದ್ದು ಇದೇ ಕಾರಣಕ್ಕೆ. ಜೆಟ್ ಬ್ಲ್ಯಾಕ್ ಎಂಬ ಕಪ್ಪು ಕೇಸು ಅಂಗಡಿಯ ದೀಪದ ಕೆಳಗೆ ಬಹಳ ಸೊಗಸಾಗಿ ಕಾಣುತ್ತದೆಂಬುದನ್ನು ನಾನೂ ಒಪ್ಪುತ್ತೇನೆ.

ಗೀರು, ತಗ್ಗುಗಳಿಗಿಂತ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಿರುವುದು ಸಿಮೆಂಟಿನ ಬಗ್ಗೆ. ಅನೋಡೈಸ್ ಪದರ ಸುಮಾರು ತಟಸ್ಥವಾದ ಪರಿಸರದಲ್ಲಿ, ಎಂದರೆ ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಮಾಪಕದಲ್ಲಿ 4ರಿಂದ 8ರ ಆಸುಪಾಸಿನವರೆಗೆ, ವರ್ಷಗಟ್ಟಲೆ ಅಲ್ಲಾಡದೆ ಇರುತ್ತದೆ. ನೀರು ಬೆರೆಸಿದ ಸಿಮೆಂಟಿನ ಪಿಎಚ್ 12ನ್ನು ಮೀರುತ್ತದೆ. ಅಲ್ಯುಮಿನಿಯಮ್ ಆಕ್ಸೈಡ್ ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ನಮ್ಮ ಘಟಕದಲ್ಲಿ ಕೆಟ್ಟ ಪದರವನ್ನು ತೆಗೆದುಹಾಕಲು ನಾವು ಬಳಸುವುದೇ ಕಾಸ್ಟಿಕ್ ಸೋಡಾ ದ್ರಾವಣವನ್ನು. ನೀವು ಸೈಟಿನಲ್ಲಿ ನೋಡಿರುತ್ತೀರಿ, ಅಲ್ಯುಮಿನಿಯಮ್ ಕಿಟಕಿ ಚೌಕಟ್ಟುಗಳನ್ನು ಕೂರಿಸಿದ ಮೇಲೂ ಗಾರೆ ಕೆಲಸ ಮುಗಿಯುವವರೆಗೆ ಅವುಗಳ ಮೇಲಿನ ಪ್ಲಾಸ್ಟಿಕ್ ಟೇಪನ್ನು ಕೀಳುವುದಿಲ್ಲ. ಟೇಪಿಲ್ಲದ ಕಡೆ ಗಾರೆ ಸಿಡಿದು ಒಣಗಿದರೆ ಬೂದುಬಿಳುಪಿನ ಕಲೆ ಉಳಿಯುತ್ತದೆ, ಅದು ಅಂಟಿಕೊಂಡ ಕೊಳೆಯಲ್ಲವಾದ್ದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಪದರವೇ ಅಲ್ಲಿ ಸವೆದಿರುತ್ತದೆ. ಸ್ಲ್ಯಾಬ್ ಹಾಕುವ ದಿನ ನಿಮ್ಮ ವಾಚಿನ ಮೇಲೆ ಬಿದ್ದ ಒಂದು ಹನಿ ಸಿಮೆಂಟ್ ಹಾಲು ಸಂಜೆಯವರೆಗೆ ಹಾಗೆಯೇ ಉಳಿದರೆ ಆಗುವುದೂ ಇದೇ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ಅಂಥವರಿಗೆ ಟೈಟಾನಿಯಮ್ಮಿಗೆ ಹೆಚ್ಚು ಹಣ ಕೊಡುವುದು ಶೋಕಿ ಎಂದೇ ನಾನು ಹೇಳುತ್ತೇನೆ.

ಸ್ಟೀಲನ್ನು ಸಿಮೆಂಟ್ ಏನೂ ಮಾಡುವುದಿಲ್ಲ. ಈ ವಾಚುಗಳಲ್ಲಿ ಬಳಸುವ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇ. 16ರಿಂದ 18ರಷ್ಟು ಕ್ರೋಮಿಯಂ, ಶೇ. 10ರಿಂದ 14ರಷ್ಟು ನಿಕಲ್, ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಬೆವರಿನ ಉಪ್ಪಿಗೆ ಅದು ಜಗ್ಗದಿರುವುದು ಮುಖ್ಯವಾಗಿ ಈ ಕೊನೆಯ ಲೋಹದ ದೆಸೆಯಿಂದ. ಹೊಳಪು ಕೊಟ್ಟ ಸ್ಟೀಲಿನ ಮೇಲೆ ಕೂದಲೆಳೆಯಂಥ ಗೀರುಗಳು ಬಹಳ ಬೇಗ ಬೀಳುತ್ತವೆ, ಆದರೆ ಲೇಪನವಿಲ್ಲದ ಬೆಳ್ಳಿ ಬಣ್ಣದ ಸ್ಟೀಲಾದರೆ ಪಾಲಿಶ್ ಬಟ್ಟೆಯಿಂದ ಉಜ್ಜಿ ಅವುಗಳನ್ನು ಮರೆಸಬಹುದು, ಮೂರರಲ್ಲಿ ಈ ಸೌಲಭ್ಯ ಹೆಚ್ಚಾಗಿರುವುದು ಇದಕ್ಕೇ. ಒಂದು ಎಚ್ಚರಿಕೆ ಮಾತ್ರ ಬೇಕು: ಟೈಲ್ಸ್ ತೊಳೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲ ತಾಗಿದರೆ ಇದೇ ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ತೂಕದ ಲೆಕ್ಕವೂ ಇದೆ. ಸೀರೀಸ್ 9ರ 41 ಮಿ.ಮೀ. ಸ್ಟೀಲ್ ವಾಚು 42.3 ಗ್ರಾಂ ತೂಗಿದರೆ, ಸೀರೀಸ್ 10ರ 42 ಮಿ.ಮೀ. ಟೈಟಾನಿಯಮ್ 34.4 ಗ್ರಾಂ, ಅಲ್ಯುಮಿನಿಯಮ್ 30 ಗ್ರಾಂ ತೂಗುತ್ತದೆ. ಇವೆಲ್ಲದರ ನಡುವೆಯೂ ನಿಮಗೆ ತುರಿಕೆಯಾಗದಿದ್ದಿದ್ದರೆ ಸ್ಟೀಲನ್ನು ನಾನು ಇಷ್ಟು ಖಡಾಖಂಡಿತವಾಗಿ ತಳ್ಳಿಹಾಕುತ್ತಿರಲಿಲ್ಲ.

ಆ ತುರಿಕೆಯ ಬಗ್ಗೆ ಒಂದು ಮಾತು. ಅದು ನಿಕಲ್ ಅಲರ್ಜಿಯೇ ಎಂದು ತೀರ್ಮಾನಿಸುವ ಮೊದಲು ತುರಿಕೆ ಎದ್ದದ್ದು ಎಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ. 316ಎಲ್ ಸ್ಟೀಲಿನಿಂದ ಹೊರಬರುವ ನಿಕಲ್ ಬಹಳ ಕಡಿಮೆ, ಹೆಚ್ಚಿನ ಸಲ ತೊಂದರೆ ಕೊಡುವುದು ಅಗ್ಗದ ಬೆಲ್ಟಿನ ಬಕಲ್. ಬಕಲ್ ಕೂರುವ ಜಾಗದಲ್ಲಿ ಮಾತ್ರ ಕೆಂಪಾಗಿದ್ದರೆ ನಿಕಲ್ ಮೇಲೆ ಸಂಶಯಪಡಬಹುದು. ಬೆಲ್ಟಿನ ಅಡಿಯಲ್ಲೆಲ್ಲ ಆಗಿದ್ದರೆ ಬೆವರು, ಸೋಪು ಅಥವಾ ಸಿಮೆಂಟು ಕಾರಣವಾಗಿರಬಹುದು. ಸಿಮೆಂಟಿನ ಕ್ಷಾರವೇ ಚರ್ಮವನ್ನು ಕೆರಳಿಸುತ್ತದೆ, ಸಾಲದ್ದಕ್ಕೆ ಅದರಲ್ಲಿರುವ ನೀರಿನಲ್ಲಿ ಕರಗುವ ಕ್ರೋಮಿಯಂ ಸಂಯುಕ್ತಗಳಿಂದ ಗಾರೆ ಕೆಲಸದವರಿಗೆ ಅಲರ್ಜಿಯ ಚರ್ಮರೋಗ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಂಥ ಧೂಳು ಬೆಲ್ಟಿನಡಿ ಸೇರಿಕೊಂಡು ಬೆವರಿನಲ್ಲಿ ಕಲಸಿಕೊಂಡರೆ ಯಾವ ಲೋಹದ ವಾಚಾದರೂ ತುರಿಕೆ ತಪ್ಪುವುದಿಲ್ಲ. ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆ) ಮಾಡಿಸಿದರೆ ನಿಕಲ್ಲೋ ಕ್ರೋಮಿಯಮ್ಮೋ ಎಂಬುದು ಸ್ಪಷ್ಟವಾಗುತ್ತದೆ, ಎಂಬತ್ತು ಸಾವಿರದ ವಾಚು ಕೊಳ್ಳುವ ಮುನ್ನ ಅಷ್ಟು ಮಾಡಿಸುವುದು ಒಳ್ಳೆಯದು.

ಟೈಟಾನಿಯಮ್ ಬಗ್ಗೆ ಮಾರಾಟಗಾರರು ಹೇಳುವ ಮಾತುಗಳಲ್ಲಿ ಅರ್ಧವನ್ನು ಮಾತ್ರ ನಂಬಿ. ಅದಕ್ಕೆ ಗೀರೇ ಬೀಳುವುದಿಲ್ಲ ಎಂಬುದು ಸುಳ್ಳು. ಸೀರೀಸ್ 10ರಲ್ಲಿರುವುದು ಗ್ರೇಡ್ 5 ಟೈಟಾನಿಯಮ್, ಎಂದರೆ ಶೇ. 6ರಷ್ಟು ಅಲ್ಯುಮಿನಿಯಮ್ ಮತ್ತು ಶೇ. 4ರಷ್ಟು ವೆನೇಡಿಯಮ್ ಬೆರೆತ ಮಿಶ್ರಲೋಹ. ಅದು 316ಎಲ್ ಸ್ಟೀಲಿಗಿಂತ ಗಡಸು ಎಂಬುದು ನಿಜ, ಆದರೆ ಸ್ಫಟಿಕದ ಧೂಳಿಗೆ ಅದೂ ಮಣಿಯುತ್ತದೆ, ಕನ್ನಡಿಯಂತೆ ಹೊಳಪು ಕೊಟ್ಟ ಕೇಸಿನಲ್ಲಂತೂ ಗೆರೆಗಳು ಎದ್ದು ಕಾಣುತ್ತವೆ. ನಿಮಗೆ ಅದು ಒದಗುವುದು ಬೇರೆ ಗುಣಗಳಿಂದ. ಗೀರು ಬಿದ್ದ ಜಾಗದಲ್ಲಿ ಗಾಳಿ ತಾಗಿದೊಡನೆ ತೆಳುವಾದ ಆಕ್ಸೈಡ್ ಪೊರೆ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ, ಸಿಮೆಂಟಿನ ಕ್ಷಾರಕ್ಕೂ ಬೆವರಿನ ಉಪ್ಪಿಗೂ ಅದು ಹೆದರುವುದಿಲ್ಲ, ಮಿಶ್ರಣದಲ್ಲಿ ನಿಕಲ್ ಇಲ್ಲ. ಮೂಳೆ ಮುರಿದಾಗ ಒಳಗೆ ಕೂರಿಸುವ ಪ್ಲೇಟು, ಸ್ಕ್ರೂಗಳಿಗೂ ಇದೇ ಮಿಶ್ರಲೋಹವನ್ನು ಬಳಸುತ್ತಾರೆ. ಬಣ್ಣಗಳಲ್ಲಿ ನ್ಯಾಚುರಲ್ ಎಂಬುದನ್ನೇ ಆರಿಸಿ, ಲೋಹದ ಸ್ವಂತ ಬಣ್ಣಕ್ಕೆ ಹತ್ತಿರವಿರುವ ಕೇಸಿನಲ್ಲಿ ಗಾಯ ಕಡಿಮೆ ಕಾಣುತ್ತದೆ.

ಬೆಲೆಯ ವಿಚಾರಕ್ಕೆ ಬರೋಣ. ಸೀರೀಸ್ 10 ಬಿಡುಗಡೆಯಾದಾಗ ಭಾರತದಲ್ಲಿ 42 ಮಿ.ಮೀ. ಅಲ್ಯುಮಿನಿಯಮ್ ಬೆಲೆ 46,900 ರೂಪಾಯಿಯಿಂದ, ಟೈಟಾನಿಯಮ್ ಬೆಲೆ 79,900 ರೂಪಾಯಿಯಿಂದ ಆರಂಭವಾಗಿತ್ತು. ನಡುವಿನ 33,000 ರೂಪಾಯಿ ಪೂರ್ತಿ ಲೋಹದ ಬೆಲೆಯಲ್ಲ. ಟೈಟಾನಿಯಮ್ ಕೇಸಿನ ಜೊತೆ ಸಫೈರ್ ಗಾಜೂ, ಫೋನ್ ಹತ್ತಿರವಿಲ್ಲದಿದ್ದರೂ ಮೊಬೈಲ್ ಜಾಲಕ್ಕೆ ಸೇರುವ ಸೆಲ್ಯುಲಾರ್ ಸೌಲಭ್ಯವೂ ಕೂಡಿಯೇ ಬರುತ್ತವೆ, ಸೆಲ್ಯುಲಾರ್ ಇಲ್ಲದ ಟೈಟಾನಿಯಮ್ ವಾಚನ್ನು ಮಾರುವುದೇ ಇಲ್ಲ. ಸೈಟಿನಲ್ಲಿ ಫೋನನ್ನು ಬ್ಯಾಗಿನಲ್ಲಿಟ್ಟು ಓಡಾಡುವ ನಿಮಗೆ ಅದು ಉಪಯೋಗಕ್ಕೆ ಬಂದರೆ ಲೆಕ್ಕ ಸರಿಹೋಗುತ್ತದೆ. ಇಷ್ಟು ದೂರ ಹೋದಮೇಲೆ ಆಪಲ್‌ನದೇ ದೊಡ್ಡ ವಾಚಾದ ಅಲ್ಟ್ರಾವನ್ನೂ ಒಮ್ಮೆ ಕೈಗೆ ಕಟ್ಟಿ ನೋಡಿ. ಅಲ್ಟ್ರಾ 2ರ ಬಿಡುಗಡೆ ಬೆಲೆ 89,900 ರೂಪಾಯಿ ಇತ್ತು. ಅದರ ಗಾಜು ಚಪ್ಪಟೆಯಾಗಿದ್ದು, ಟೈಟಾನಿಯಮ್ ಕೇಸಿನ ಅಂಚು ಅದರ ಸುತ್ತ ಏರಿ ನಿಂತಿರುವುದರಿಂದ, ನಾನು ಮೇಲೆ ಹೇಳಿದ ಅಂಚಿನ ಬಡಿತ ಮೊದಲು ಲೋಹಕ್ಕೆ ತಾಗುತ್ತದೆ. ಆದರೆ 49 ಮಿ.ಮೀ. ಅಳತೆಯ, 61 ಗ್ರಾಂ ದಾಟುವ ಆ ವಾಚು ಎಲ್ಲರ ಕೈಗೂ ಒಪ್ಪುವಂಥದ್ದಲ್ಲ.

ಯಾವ ಕೇಸನ್ನೂ ತಲೆಮಾರುಗಳ ಕಾಲ ಬಾಳುತ್ತದೆಂಬ ಲೆಕ್ಕದಲ್ಲಿ ಕೊಳ್ಳಬೇಡಿ. ಈ ವಾಚುಗಳ ಬ್ಯಾಟರಿ ಒಂದು ಸಾವಿರ ಪೂರ್ಣ ಚಾರ್ಜುಗಳ ನಂತರ ಮೂಲ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಿದ್ದು ಎಂದು ಕಂಪನಿಯೇ ಹೇಳುತ್ತದೆ, ದಿನಕ್ಕೊಂದು ಪೂರ್ಣ ಚಾರ್ಜಾದರೆ ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ. ಬ್ಯಾಟರಿ ಬದಲಿಸಬಹುದು, ತಂತ್ರಾಂಶವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. 2015ರಲ್ಲಿ ಹತ್ತು ಸಾವಿರ ಡಾಲರಿನಿಂದ ಆರಂಭವಾಗುವ ಬೆಲೆಗೆ ಮಾರಿದ 18 ಕ್ಯಾರೆಟ್ ಚಿನ್ನದ ಆಪಲ್ ವಾಚಿಗೆ 2018ರಲ್ಲಿ ಬಂದ ವಾಚ್‌ಓಎಸ್ 5 ಎಂಬ ಹೊಸ ತಂತ್ರಾಂಶ ಸಿಗಲೇ ಇಲ್ಲ, ಒಳಗಿನ ಚಿಪ್ಪು 2015ರ ಅಲ್ಯುಮಿನಿಯಮ್ ವಾಚಿನಲ್ಲಿದ್ದದ್ದೇ ಆಗಿತ್ತು. ರಿಯಾಯಿತಿಯ ಸೀರೀಸ್ 9ರ ಬಗ್ಗೆಯೂ ಇದನ್ನೇ ಯೋಚಿಸಿ: ಉಳಿಸಿದ ಹಣಕ್ಕೆ ಪ್ರತಿಯಾಗಿ ಒಂದು ವರ್ಷದ ಆಯಸ್ಸನ್ನು ಬಿಟ್ಟುಕೊಡುತ್ತಿರುತ್ತೀರಿ.

ಅಲ್ಯುಮಿನಿಯಮ್ ಕೊಂಡು ಅದಕ್ಕೊಂದು ಪ್ಲಾಸ್ಟಿಕ್ ಕವರ್ ಹಾಕಿದರಾಯಿತು ಎಂದು ಅನೇಕರು ಸಲಹೆ ಕೊಡುತ್ತಾರೆ. ಬಡಿತಕ್ಕೆ ಅದು ಅಡ್ಡ ನಿಲ್ಲುವುದು ನಿಜ, ಆದರೆ ಕವರಿನ ಒಳಗೆ ನುಸುಳಿದ ಮರಳು ಹೊರಬರಲಾಗದೆ ಕೇಸನ್ನು ಇಡೀ ದಿನ ತಿಕ್ಕುತ್ತದೆ, ಸಿಮೆಂಟ್ ನೀರು ಸೇರಿಕೊಂಡರೆ ಅಲ್ಲಿ ಒಣಗುವುದೂ ಇಲ್ಲ, ತೊಳೆದುಹೋಗುವುದೂ ಇಲ್ಲ. ಹಾಕಲೇಬೇಕೆಂದರೆ ಪ್ರತಿ ಸಂಜೆ ಬಿಚ್ಚಿ ಎರಡನ್ನೂ ತೊಳೆಯಿರಿ.

ಟೈಟಾನಿಯಮ್ ಕೊಂಡರೂ ಅದಕ್ಕೆ ಸ್ಟೀಲ್ ತಂತಿಯಿಂದ ಹೆಣೆದ ಮಿಲನೀಸ್ ಬೆಲ್ಟನ್ನು ಜೋಡಿಸಬೇಡಿ. ನಿಕಲ್ ಆಗದವರಿಗೆ ಅದರಿಂದ ಬಂದ ಲಾಭವೆಲ್ಲ ಹೋಗುತ್ತದೆ, ಆ ಹೆಣಿಗೆಯ ಸಂದುಗಳಲ್ಲಿ ಧೂಳು ಕೂರುವುದು ಬೇರೆ. ಸಾದಾ ರಬ್ಬರಿನ ಬೆಲ್ಟು ನಿಮ್ಮ ಕೆಲಸಕ್ಕೆ ಒಳ್ಳೆಯದು. ಸಿಮೆಂಟ್ ಸಿಡಿದರೆ ಒಣಗಲು ಬಿಡದೆ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ, ಒಣಗಿದ್ದನ್ನು ಉಗುರಿನಿಂದಲೋ ಚಾಕುವಿನಿಂದಲೋ ಕೆರೆಯಬೇಡಿ. ಪಕ್ಕದ ತಿರುಗಣೆ ಧೂಳು ಕಟ್ಟಿ ಬಿಗಿಯಾದರೆ ವಾಚನ್ನು ಆಫ್ ಮಾಡಿ, ಉಗುರುಬೆಚ್ಚಗಿನ ನೀರಿನ ಸಣ್ಣ ಧಾರೆಯಡಿ ಹತ್ತು ಹದಿನೈದು ಸೆಕೆಂಡು ಹಿಡಿದು ಅದನ್ನು ತಿರುಗಿಸುತ್ತ, ಒತ್ತುತ್ತ ಇರಬೇಕು. ಸೋಪು ಹಾಕುವಂತಿಲ್ಲ.